ಸಕ್ಕರೆ ಡಬ್ಬಿಯ ಮಾತ್ರೆಗಳು

ಟ್ರೊಮ್ಸೊ ಆಸ್ಪತ್ರೆಯಿಂದ
೪ ಮಾರ್ಚ್ ೧೯೮೧, ಬುಧವಾರ

ನನ್ನ ತಂಗಿ ಓಡ್ನಿಗೆ,

ನಿನ್ನ ಕಾಗದ ನಿನ್ನೆಯ ಹಡಗಿನಲ್ಲಿ ಬಂತು. ಅಮ್ಮ ಹೆಣೆದ ಕಾಲುಚೀಲವೂ ಬಂತು, ಹಾಕಿಕೊಂಡಿದ್ದೇನೆ ಎಂದು ಹೇಳು. ಈ ವಾರ್ಡಿನ ಕಿಟಕಿಗೆ ದಪ್ಪ ಪರದೆ ಇದೆ. ಕೆಳಗಿನಿಂದ ಬೆಳಕು ಕಾರುವ ಗಾಜಿನ ಮೇಜಿನ ಮೇಲೆ ದಿನವಿಡೀ ಬಗ್ಗಿ, ಕಾಡ್ ಮೀನಿನ ತುಂಡುಗಳಲ್ಲಿ ಹುಳು ಹುಡುಕಿದ ಕಣ್ಣಿಗೆ ಈ ಕತ್ತಲೆ ಎಷ್ಟಿದ್ದರೂ ಸಾಲದು. ಮೂರು ವಾರದಿಂದ ಮಲಗಿಯೇ ಇದ್ದೇನೆ, ದಣಿವು ಮಾತ್ರ ಮೈಬಿಟ್ಟು ಹೋಗಿಲ್ಲ.

ನಿನ್ನ ಕಾಗದ ಓದಿ ಸಿಟ್ಟು ಬಂತು. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕು, ಅದಿಲ್ಲ. ಹಾಗಾಗಿ ನೇರವಾಗಿ ಬರೆಯುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ, ತಲೆನೋವು ಬರುವ ಮೊದಲೇ ಒಂದು ಮಾತ್ರೆ ನುಂಗಿಬಿಡುತ್ತೇನೆ, ಆಗ ದಿನ ದೂಡಬಹುದು ಎಂದು ಬರೆದಿದ್ದೀಯ. ಬೆರಳು ಬೆಳ್ಳಗಾಗುವುದು ನಮ್ಮಲ್ಲಿ ಎಲ್ಲರಿಗೂ ಇದ್ದದ್ದೇ, ಮೀನಿನ ಸುಗ್ಗಿ ಮುಗಿಯಲಿ, ಈಸ್ಟರ್ ಆದ ಮೇಲೆ ತೋರಿಸಿಕೊಳ್ಳುತ್ತೇನೆ ಎಂದೂ ಬರೆದಿದ್ದೀಯ. ಓಡ್ನಿ, ನಾನೂ ಅಕ್ಷರಕ್ಕಕ್ಷರ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಇಲ್ಲಿಯ ಡಾಕ್ಟರು ದಕ್ಷಿಣದ ಕಡೆಯ ಹೆಣ್ಣು, ಹೆಚ್ಚುಕಡಿಮೆ ನಿನ್ನ ವಯಸ್ಸು. ಬಂದ ದಿನ ನನ್ನ ಎಡಗೈ ಹಿಡಿದು ನಾಡಿ ಹುಡುಕಿದಳು. ಸಿಗಲಿಲ್ಲ.

"ಬೆರಳು ತಣ್ಣಗಾಗಿದ್ದು ಯಾವಾಗ ಗೊತ್ತಾಯ್ತು ನಿಮಗೆ?" ಅಂದಳು.

"ಹದಿನಾರನೇ ವಯಸ್ಸಲ್ಲಿ. ಫ್ಯಾಕ್ಟರಿ ಸೇರಿದ ದಿನ," ಅಂದೆ.

ನರ್ಸ್ ನಕ್ಕಳು, ಅವಳು ನಮ್ಮ ಕಡೆಯವಳು. ಡಾಕ್ಟರು ನಗಲಿಲ್ಲ. ಏನೇನು ಔಷಧಿ ತಗೋತೀರಿ ಎಂದು ಕೇಳಿದಳು. ಏನೂ ಇಲ್ಲ ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತಲೆನೋವಿನ ಮಾತ್ರೆಯನ್ನು ನಮ್ಮಲ್ಲಿ ಯಾರು ಔಷಧಿ ಎಂದು ಕರೆಯುತ್ತಾರೆ? ಅದು ಕಾಫಿಯ ಜೊತೆಗೆ ಬರುವಂಥದ್ದು. "ತಲೆನೋವಿಗೂ ಏನೂ ಇಲ್ವಾ?" ಎಂದು ಅವಳು ಮತ್ತೆ ಕೇಳಿದ ಮೇಲೆ ಸಕ್ಕರೆ ಡಬ್ಬಿಯ ವಿಷಯ ಹೇಳಬೇಕಾಯಿತು.

ಹೇಳುತ್ತಾ ಹೇಳುತ್ತಾ ನನಗೇ ಅದು ವಿಚಿತ್ರವಾಗಿ ಕೇಳಿಸಿತು. ಡಾಕ್ಟರ ದೋಣಿ ನಮ್ಮೂರಿಗೆ ಬರುವುದೇ ಅಪರೂಪ. ಅದಕ್ಕೇ ಮಾತ್ರೆ ಬರೆಸಿಕೊಂಡವರೆಲ್ಲ ತಂತಮ್ಮ ಸೀಸೆಯನ್ನು ಕಾಫಿ ಕೋಣೆಯ ಸಕ್ಕರೆ ಡಬ್ಬಿಗೆ ಸುರಿಯುವುದು, ನೋವು ಬಂದವರು ಕೈಹಾಕಿ ತೆಗೆದುಕೊಳ್ಳುವುದು. ಯೂನಿಯನ್ ಹೆಂಗಸರು ನಾವು, ಒಬ್ಬಳ ಹತ್ತಿರ ಇದ್ದದ್ದು ಎಲ್ಲರದ್ದೂ. ಖಾಲಿ ಸೀಸೆಗಳು ಕಸದ ಬುಟ್ಟಿಗೆ. ದಿನಕ್ಕೆ ಎಷ್ಟು ಮೀರಬಾರದು, ವಾರಕ್ಕೆ ಎಷ್ಟು ಮೀರಬಾರದು, ಯಾರು ಮುಟ್ಟಲೇಬಾರದು ಎಂದು ಬರೆದ ಚೀಟಿಗಳು ಆ ಸೀಸೆಗಳಿಗೇ ಅಂಟಿಕೊಂಡಿದ್ದವು.

"ನೀವು ಎಷ್ಟು ತಗೋತಿದ್ರಿ?" ಎಂದು ಕೇಳಿದಳು. ಡಬ್ಬಿಯಿಂದ ತೆಗೆದದ್ದನ್ನು ಯಾರು ಎಣಿಸುತ್ತಾರೆ?

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಎರಡು ಸಲ ಓದು. "ಈ ಮಾತ್ರೆ ರಕ್ತನಾಳ ಹಿಂಡುತ್ತೆ. ಮೈಗ್ರೇನ್ ಶುರುವಾಗ್ತಿದ್ದ ಹಾಗೆ, ಬರೆದುಕೊಟ್ಟಷ್ಟೇ ತಗೊಂಡ್ರೆ ಉಪಕಾರ. ಆದ್ರೆ ಅದಕ್ಕೆ ತಲೆ ಯಾವುದು, ಬೆರಳು ಯಾವುದು ಗೊತ್ತಾಗಲ್ಲ." ಕತ್ತು ಬಿಗಿದು ಹಣೆಗೆ ಹಗ್ಗ ಸುತ್ತಿದ ಹಾಗೆ ಬರುವ ನೋವು ಬೇರೆಯಂತೆ. ಅದು ಬಗ್ಗಿ ನಿಂತು ಬಂದದ್ದು, ಅದಕ್ಕೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲ. ನಾವು ಎರಡಕ್ಕೂ ಇದನ್ನೇ ನುಂಗಿದೆವು. ದಿನಾ ನುಂಗುವವಳಿಗೆ ಬೆಳಿಗ್ಗೆ ಬರುವ ನೋವು ಮಾತ್ರೆಯೇ ತರುವ ನೋವು. ನಿನ್ನೆಯದರ ಅಮಲು ಇಳಿದಿರುತ್ತದೆ, ತಲೆ ಇನ್ನೊಂದು ಕೊಡು ಎಂದು ಕೂಗುತ್ತದೆ. ನೀನು ಅದಕ್ಕೆ ಹಾಸಿಗೆಯಲ್ಲೇ ಉಣಿಸುತ್ತಿದ್ದೀಯ.

ಬೆರಳು ತಣ್ಣಗಾಗಿ ಜೋಮು ಹಿಡಿದರೆ ಬೇರೆ ಯಾವ ಊರಿನ ಹೆಂಗಸಾದರೂ ಗಾಬರಿಯಾಗುತ್ತಾಳೆ. ಐಸ್ ನೀರಿನಲ್ಲಿ ಕೈಯಿಟ್ಟು ಬದುಕುವ ನಮಗೆ ಅದು ಸಂಬಳದ ಜೊತೆ ಬಂದದ್ದು. ನಮ್ಮ ಮೇಸ್ತ್ರಿ ಹಿಲ್ಮಾರ್ ನನ್ನ ಬೆರಳು ನೋಡಿ, "ಜೋಪಾನ ಕಣೇ ಗುನ್ವರ್, ಮೀನು ಅಂತ ಪೆಟ್ಟಿಗೆಗೆ ಹಾಕಿಬಿಟ್ಟೀಯ," ಅಂದಾಗ ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಮರುದಿನ ಚಾಕು ತಗಲಿ ರಕ್ತ ಕೂಡ ಬರಲಿಲ್ಲ, ನೋವೂ ಆಗಲಿಲ್ಲ. ಸದ್ಯ ಎಂದುಕೊಂಡು ಸಿಗರೇಟು ಹಚ್ಚಿದೆ. ಸಿಗರೇಟೂ ನಾಳ ಹಿಂಡುತ್ತದಂತೆ.

ಹಿಲ್ಮಾರ್‌ಗೆ ಆ ಡಬ್ಬಿಯ ಮೇಲೆ ಎಷ್ಟು ಪ್ರೀತಿ ಎಂದು ನಿನಗೂ ಗೊತ್ತು. "ಡಬ್ಬಿ ತಳ ಕಂಡಿದೆ, ತುಂಬಿಸ್ಕೊಳ್ರಮ್ಮ," ಎಂದು ಅವನೇ ನೆನಪಿಸುತ್ತಿದ್ದ. ಮೇಜಿನ ದೀಪಕ್ಕೆ ಮರೆ ಕೇಳಿದೆವು, ಕೊಡಲಿಲ್ಲ. ನಡುನಡುವೆ ಕತ್ತೆತ್ತಿ ನಿಲ್ಲಲು ಬಿಡುವು ಕೇಳಿದೆವು, "ಸುಗ್ಗಿ ಮುಗೀಲಿ" ಅಂದರು. ನಾವು ಮಾತ್ರೆ ನುಂಗಿ ಮತ್ತೆ ಬಗ್ಗಿದೆವು. ನಮ್ಮ ಒಗ್ಗಟ್ಟನ್ನೇ ಕಂಪನಿ ಬಿಟ್ಟಿಯಾಗಿ ದುಡಿಸಿಕೊಂಡಿತು, ಓಡ್ನಿ. ರೊಟ್ಟಿ ಹಂಚೋಣ, ಮುಷ್ಕರ ಹಂಚೋಣ. ಒಬ್ಬಳ ಮೈ ನೋಡಿ ಬರೆದುಕೊಟ್ಟ ಮಾತ್ರೆ ಹಂಚುವ ವಸ್ತುವಲ್ಲ. ಇದನ್ನು ಯೂನಿಯನ್ ಸಭೆಯಲ್ಲಿ ನನ್ನ ಹೆಸರು ಹೇಳಿ ಓದಿಸು. ಬೈಯುವವರು ಬೈಯಲಿ.

ಈಗ ನಿನ್ನ ಮಾತು. ನನ್ನನ್ನು ಹಡಗು ಹತ್ತಿಸಲು ಬಂದ ದಿನ, ಹಡಗುಕಟ್ಟೆಯ ಮೇಲಿನ, ಒಲೆ ಉರಿಯುತ್ತಿದ್ದ ಆ ಕಾಯುವ ಕೋಣೆಯಲ್ಲಿ ಬಿಸಿ ಕಾಫಿ ಲೋಟ ಹಿಡಿದು ಕೂತಿದ್ದೆಯಲ್ಲ, ಕೈಗವಸು ತೆಗೆದು. ಎಲ್ಲರ ಬೆರಳೂ ಕೆಂಪಾದವು. ನಿನ್ನವು ಎರಡು ಹಾಗೇ ಬೆಳ್ಳಗಿದ್ದವು. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಈ ಕಾಗದ ಸಿಕ್ಕ ದಿನದ ಹಡಗಿಗೇ ಹತ್ತು. ಇಲ್ಲಿಗೆ ಬಾ. ಡಬ್ಬಿಯನ್ನೂ ತಾ, ಅದರಲ್ಲಿ ಏನೇನಿದೆ ಎಂದು ಅವರೇ ನೋಡಲಿ. ಅಲ್ಲಿಯವರೆಗೆ ಇನ್ನೊಂದನ್ನೂ ಬಾಯಿಗೆ ಹಾಕಬೇಡ. ನಿಲ್ಲಿಸಿದ ಮೊದಲ ದಿನಗಳು ಕೆಟ್ಟವು, ಮುಚ್ಚಿಡುವುದಿಲ್ಲ. ಬಕೆಟ್ ತಬ್ಬಿಕೊಂಡು ಕೂತಿದ್ದೆ, ಆ ಪಾಪದ ನರ್ಸಿಗೆ ಅಪ್ಪನ ಬಾಯಲ್ಲೂ ಕೇಳದ ಮಾತು ಬೈದೆ. ಅದಕ್ಕೇ ಮನೆಯಲ್ಲಿ ಒಬ್ಬಳೇ ಹಲ್ಲು ಕಚ್ಚಿ ಕೂರಬೇಡ ಎನ್ನುವುದು. ಆಮೇಲೆ ಇಳಿಯುತ್ತದೆ. ನನಗೆ ಇಳಿದಿದೆ. ಹೋದ ವಾರ ಒಂದು ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಏನೂ ಇರಲಿಲ್ಲ, ಅದೇನು ಕಾಣೆಯಾಗಿದೆ ಎಂದು ಸ್ವಲ್ಪ ಹೊತ್ತು ತಿಳಿಯಲೇ ಇಲ್ಲ. ಮೈಗ್ರೇನ್ ಮತ್ತೆ ಬಂದೀತು. ಅದಕ್ಕೆ ನನಗೆ ಹೊಂದುವ ಬೇರೆ ಔಷಧಿ ನೋಡೋಣ ಅಂದಿದ್ದಾರೆ.

ಬೆಳಕಿನ ಮೇಜಿನ ಜಾಗ ಬೇರೆಯವಳಿಗೆ ಹೋದೀತು ಎಂದು ಹೆದರಿದ್ದೀಯ. ಹೋಗಲಿ. ಅದೇನು ಸಿಂಹಾಸನವೇ?

ನನ್ನ ಬೆರಳು ಹೇಗಿದೆ ಎಂದು ಕೇಳಿದ್ದೀಯ. ಡ್ರಿಪ್ ಹಾಕಿದ ಮೇಲೆ ಉಳಿದವಕ್ಕೆ ಬಣ್ಣ ಬಂದಿದೆ. ಎಡಗೈ ತೋರುಬೆರಳಿಗೆ ಕಟ್ಟು ಕಟ್ಟಿದ್ದಾರೆ, ಕಾದು ನೋಡಬೇಕು. ಅಮ್ಮನಿಗೂ ಹಾಗೇ ಹೇಳು.

ಸಾಕಾಗಿದೆ, ಮಲಗುತ್ತೇನೆ.

ನಿನ್ನ ಅಕ್ಕ,
ಗುನ್ವರ್

ಮತ್ತೆ: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಕಾದು ನೋಡುವುದು ಮುಗಿದಿದೆ. ಸೋಮವಾರ ಆ ಬೆರಳನ್ನು ತೆಗೆದುಹಾಕಿದರು. ಬರೆದರೆ ನೀನು ಹೆದರುತ್ತೀಯ ಎಂದು ಮುಚ್ಚಿಟ್ಟೆ. ಬರೆಯದಿದ್ದರೆ ಈಸ್ಟರ್ ತನಕ ಕಾಯುತ್ತೀಯ, ನಿನ್ನನ್ನು ನಾನು ಬಲ್ಲೆ. ಹೆದರು ಓಡ್ನಿ. ಹೆದರಿಕೊಂಡೇ ಹಡಗು ಹತ್ತು.