ಕಂಬ ಹತ್ತುವವರು

ಜೂನ್ ೧೧, ಬುಧವಾರ

ರಬಕವಿಯ ನಮ್ಮ ಸೀರೆ ಕಾರ್ಖಾನೆಗೆ ಸರ್ಕಾರಿ ಕರೆಂಟಿನ ಬದಲು ಇನ್ನು ಮೇಲೆ ಯಾವ ಖಾಸಗಿ ಕಂಪನಿಯ ಕರೆಂಟು ಕೊಳ್ಳುತ್ತೇವೆಂದು ನಾಳೆ ತಿಳಿಸಬೇಕು. ವಾರದಿಂದ ಎರಡು ದರಪಟ್ಟಿ ಹಿಡಿದು ಕೂತಿದ್ದೇನೆ. ದರ ಸ್ಪಷ್ಟವಾಗಿಲ್ಲ ಎಂದು ಹೆಂಡತಿ ಶೈಲಾಳಿಗೆ ಹೇಳುತ್ತ ಬಂದೆ. ನಿಜವಾಗಿ ನನ್ನನ್ನು ತಡೆದದ್ದು ಸರ್ಕಾರಿ ಲೈನ್‌ಮನ್ ಲಗಮಣ್ಣ. ಮಗ್ಗ ನಿಂತರೆ ನೇಕಾರರ ದಿನ ಹಾಳೆಂದು, ಊಟದ ತಾಟು ಬಿಟ್ಟು ಬಂದು ಕಂಬ ಹತ್ತುವವನು. ಹದಿನೆಂಟು ವರ್ಷದಿಂದ ಹೀಗೇ. ಅವನನ್ನು ಬಿಡುವುದು ಹೇಗೆ?

ಸಂಜೆ ಶೈಲಾ ತಾನೇ ಎರಡೂ ಕಂಪನಿಗೆ ಫೋನ್ ಮಾಡಿದಳು. ದರ ಕೇಳಲಿಲ್ಲ. "ಕರೆಂಟ್ ಹೋದ್ರ ಕಂಬ ಹತ್ತಾವ್ರು ಯಾರ್ರೀ?" ಎರಡೂ ಕಡೆ ಒಂದೇ ಉತ್ತರ: ಕರೆಂಟು ಮಾತ್ರ ನಮ್ಮದು, ತಂತಿ ಸರ್ಕಾರದ ಹಳೆಯದೇ, ಲೈನ್‌ಮನ್ನೂ ಹಳಬನೇ.

ಅಗ್ಗದ ಪಟ್ಟಿಯನ್ನು ನನ್ನ ಮುಂದಿಟ್ಟಳು. "ನಿಮ್ಮ ಲಗಮಣ್ಣ ಎಲ್ಲೂ ಹೋಗಂಗಿಲ್ಲ. ಮಾರಿ ಸಪ್ಪಗ ಮಾಡಬ್ಯಾಡ್ರಿ, ಸಹಿ ಹಾಕ್ರಿ."

ಅವನ ಹೆಸರನ್ನು ನಾನು ಅವಳೆದುರು ಒಮ್ಮೆಯೂ ಎತ್ತಿರಲಿಲ್ಲ.