ಅಂಚು ಮುಗಿಸಿದ ಕುಂಚಿಗೆ

ವಿಜಾಪುರ
೧೯೪೪ರ ಚಳಿಗಾಲ

ಇನ್ನೂ ಹೆಸರಿಲ್ಲದ ನನ್ನ ಕೂಸೇ,

ನಿನ್ನ ಸೋದರತ್ತೆಯ ಮುದ್ದು. ನೀನಿನ್ನೂ ಈ ಲೋಕಕ್ಕೆ ಬಂದಿಲ್ಲ, ನಿನ್ನ ದೆಸೆಯಿಂದ ನನ್ನ ಮೇಲೆ ದೂರು ಮಾತ್ರ ಆಗಲೇ ಶುರುವಾಗಿದೆ. ನನ್ನ ಯಜಮಾನರು, ಅಂದರೆ ನಿನ್ನ ಮಾವ, ನಿನ್ನೆ ಊಟಕ್ಕೆ ಕೂತವರು ಚೇಳು ಕಡಿದವರ ಹಾಗೆ ಎದ್ದು ನಿಂತರು. ಮಣೆಯ ಮೇಲೆ ನನ್ನ ಹೆಣೆಯುವ ಕಡ್ಡಿ ಇತ್ತು. "ಈ ಮನ್ಯಾಗ ಒಂದರ ಕೆಲಸ ಮುಗದದ್ದು ನಾ ನೋಡಿಲ್ಲ. ಎಲ್ಲಾ ಅರ್ಧಾ, ಎಲ್ಲಾ ಅರ್ಧಾ!" ಎಂದರು. ಕಾರಣ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಡ್ಡಿ ಚುಚ್ಚಿಸಿಕೊಂಡವರು ಅನ್ನಲೇಬೇಕು.

ಅರ್ಧ ಇರುವುದು ನಿಜ. ಬುಟ್ಟಿಯಲ್ಲಿ ನಿನ್ನ ಕಾಲುಚೀಲ ಹಿಮ್ಮಡಿಯವರೆಗೆ ಬಂದು ನಿಂತಿದೆ. ತೊಟ್ಟಿಲಿಗೆ ಕಟ್ಟುವ ಬಟ್ಟೆಯ ಗಿಳಿಗೆ ಒಂದೇ ಕಣ್ಣು. ಕೌದಿಯ ಒಂದು ಮೂಲೆ ಬಾಯಿ ತೆರೆದಿದೆ. ಅಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿದರೆ ಹೊದ್ದವರು ಹಸಿದಿರುವುದಿಲ್ಲ ಎಂದು ನನ್ನ ಅವ್ವ ಹೇಳಿಕೊಟ್ಟದ್ದು. ರೊಟ್ಟಿ ಬಡಿದು ಕೈ ತೊಳೆದು ಕೌದಿ ಹಿಡಿಯುತ್ತೇನೆ, ಬೇಳೆ ಕುದಿಯುವಷ್ಟರಲ್ಲಿ ಕಾಲುಚೀಲಕ್ಕೆ ಒಂದೆರಡು ಸುತ್ತು. ಇದರ ನಡುವೆ ಯುದ್ಧದ ಸಿಪಾಯಿಗಳಿಗೆಂದು ಹೆಣ್ಣುಮಕ್ಕಳ ಶಾಲೆಯ ಅಕ್ಕೋರು ಹಂಚಿದ ಖಾಕಿ ಉಣ್ಣೆ ಬೇರೆ. ಅದನ್ನು ಮಾತ್ರ ಮುಗಿಸಿ ಕಳಿಸುತ್ತೇನೆ. ಯಾವ ತಾಯಿಯ ಮಗನೋ, ಅವನ ಪಾದ ಬೆಚ್ಚಗಿರಲಿ. ನಿನ್ನದನ್ನು ಮುಗಿಸುವ ಹಾಗಿಲ್ಲ. ಹುಟ್ಟುವ ಮೊದಲೇ ಕೂಸಿನ ಸಾಮಾನು ಮುಗಿಸಬಾರದು, ಒಂದು ಹೊಲಿಗೆಯನ್ನಾದರೂ ಬಿಟ್ಟಿರಬೇಕು ಎನ್ನುವುದು ಬಬಲೇಶ್ವರದ ನಮ್ಮ ತವರಿನ ಪದ್ಧತಿ.

ನಾನು ಇಂಥದ್ದನ್ನೆಲ್ಲ ಅಷ್ಟಾಗಿ ನಂಬುವವಳಲ್ಲ. ಆದರೆ ನಿನಗಿಂತ ಮುಂಚಿನ ಇಬ್ಬರು ತೊಟ್ಟಿಲು ಕಾಣುವ ಮೊದಲೇ ಹೋಗಿಬಿಟ್ಟರು. ಆಮೇಲೆ ನಿನ್ನ ಅವ್ವ ಮುರಿಗೆವ್ವ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಈ ಸಲ ದವಾಖಾನೆ ಹತ್ತಿರವಿರಲಿ ಎಂದು ನಿನ್ನ ಅಪ್ಪ, ನನ್ನ ತಮ್ಮ ಗುರಲಿಂಗಪ್ಪ, ಅವಳನ್ನು ನಮ್ಮ ಮನೆಗೆ ತಂದು ಬಿಟ್ಟಿದ್ದಾನೆ. ಬಂದ ದಿನವೇ ನನ್ನ ಬುಟ್ಟಿಗೆ ಇಣುಕಿ, "ಎಲ್ಲಾದ್ರಾಗೂ ಒಂದೊಂದ ಹೊಲಿಗಿ ಬಿಟ್ಟೀರಿಲ್ರಿ ಅಕ್ಕಾರ?" ಎಂದು ಕೇಳಿದಳು. "ಬಿಟ್ಟೇನವ್ವಾ, ಎಲ್ಲಾದ್ರಾಗೂ ಬಿಟ್ಟೇನಿ," ಎಂದೆ. ಅಂದಿನಿಂದ ಸಂಜೆಯಾದರೆ ಆ ಬುಟ್ಟಿ ನೋಡಿಯೇ ಅವಳು ಮಲಗುವುದು.

ಹೋದ ವಾರ ನಾವಿಬ್ಬರೂ ದವಾಖಾನೆಗೆ ಹೋಗಿದ್ದಾಗ ನಿನ್ನ ಕುಂಚಿಗೆ ಕಟ್ಟೆಯ ಮೇಲೆ ಉಳಿದಿತ್ತು. ತಲೆಗೆ ಟೊಪ್ಪಿಗೆಯಾಗಿ ಬೆನ್ನ ಮೇಲೆ ಇಳಿಯುವ ಈ ಕುಂಚಿಗೆಯನ್ನು ಸೋದರತ್ತೆಯೇ ಕೊಡಬೇಕು. ಕೆಂಪು ಕುಪ್ಪಸದ ಖಣದ್ದು. ಹಿಂದಿನ ಅಂಚನ್ನು ಗೇಣುದ್ದ ಹೊಲಿಯದೆ ಬಿಟ್ಟಿದ್ದೆ. ಅದು ಪಕ್ಕದ ಮನೆಯ ರೋಶನಬಿಯ ಕಣ್ಣಿಗೆ ಬಿದ್ದಿದೆ. ಅವಳ ಗಂಡ ಬಾಬುಸಾಬ ದರ್ಜಿ. ನನ್ನ ಕೌದಿಯ ತುಂಡುಗಳೆಲ್ಲ ಅವರ ಮಷಿನಿನ ಕೆಳಗೆ ಬಿದ್ದವೇ. ನಾನೊಬ್ಬಳೇ ಎಷ್ಟೆಂದು ಮಾಡಲಿ ಎಂದು ಕನಿಕರಪಟ್ಟು ಅಂಚು ಮಡಿಚಿ, ಸಣ್ಣ ಹೊಲಿಗೆ ಹಾಕಿ, ಮೂಲೆಗೆ ಹಳದಿ ಗೊಂಡೆಯನ್ನೂ ಕಟ್ಟಿ ಇಟ್ಟುಬಿಟ್ಟಿದ್ದಾಳೆ. ನಾನಾಗಿದ್ದರೆ ಅಷ್ಟು ಚೆಂದ ಬರುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ.

ಅದನ್ನು ಮೊದಲು ಎತ್ತಿಕೊಂಡವಳು ನಿನ್ನ ಅವ್ವ. ಬೆರಳಿನಿಂದ ಅಂಚು ಸವರುತ್ತಾ ಹೋದಳು, ಬಿಟ್ಟ ಜಾಗ ಸಿಗಲಿಲ್ಲ. ಅಲ್ಲೇ ಕುಸಿದು ಕೂತು ಅಳತೊಡಗಿದಳು. ಹೊಲಿಗೆ ಬಿಚ್ಚಿದರಾಯಿತು ಎಂದು ನಾನು ಕತ್ತರಿ ತಂದರೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಬ್ಯಾಡ್ರಿ ಅಕ್ಕಾರ, ಕೂಸಿನ ಅರಿವಿ-ಬಟ್ಟಿಗೆ ಕತ್ತರಿ ಹಚ್ಚಬ್ಯಾಡ್ರಿ!" ಮುಗಿದದ್ದೂ ತಪ್ಪು, ಬಿಚ್ಚುವುದೂ ತಪ್ಪು. ಕತ್ತರಿ ಹಿಡಿದು ಪೆದ್ದಿಯ ಹಾಗೆ ನಿಂತೆ. ಆ ಹೊತ್ತು ನನಗೂ ಹೆದರಿಕೆಯಾಯಿತು, ಕೂಸೇ. ನಂಬುವವಳಲ್ಲ ಎಂಬ ನನ್ನ ಜಂಬ ಎಲ್ಲಿ ಅಡಗಿತೋ.

ಅಳು ಕೇಳಿ ರೋಶನಬಿ ಓಡಿ ಬಂದಳು. ಸಂಗತಿ ತಿಳಿದು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ, ಚಲೋ ಮಾಡಾಕ ಹೋಗಿ ಎಂಥಾ ಕೆಲಸ ಮಾಡಿದ್ನಿ!" ಬೈಯಬೇಕೆಂದಿದ್ದವಳು ಅವಳ ಮುಖ ನೋಡಿ ಕತ್ತರಿಯನ್ನು ಕೆಳಗಿಟ್ಟೆ. ಕೊನೆಗೆ ಅವಳೇ ಕೈ ಚಾಚಿದಳು. "ಗೌರಾಬಾಯಿ, ಕೊಡ್ರಿಲ್ಲೆ. ಮುಗದದ್ದು ಆಗ್ಲೇ ಹುಟ್ಟಿದ ಕೂಸಿಂದಾಗ್ಲಿ. ತಿಕೋಟಾದಾಗ ನನ್ನ ಮೊಮ್ಮಗ ಲಾಡಲೇಸಾಬ ಗುಂಡಕಲ್ಲಿನಂಗ ಅದಾನ. ಅವ ಹಾಕ್ಕೊಂಡು ಹಳೇದ ಮಾಡಿ ಕೊಡ್ತಾನ. ನಮ್ಮಲ್ಲಿ ಎಳೇ ಕೂಸಿಗೆ ಮೊದಲ ಹಾಕೋದು ಗಟ್ಟಿಮುಟ್ಟ ಕೂಸಿನ ಹಳೇ ಅರಿವಿ. ನಿಮ್ಮಲ್ಲಿ ಹಂಗಿಲ್ಲೇನ್ರಿ?"

ನಮ್ಮಲ್ಲೂ ಹಾಗೆಯೇ. ಗಾಬರಿಯಲ್ಲಿ ನನಗೆ ಹೊಳೆದಿರಲಿಲ್ಲ. ಬೆಳಗಾದೊಡನೆ ಅವಳು ಕುಂಚಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಿಕೋಟಾದ ಮೋಟಾರು ಹತ್ತಿದಳು. ಅವಳು ತಿರುಗಿ ಬರುವವರೆಗೆ ನಿನ್ನ ಅವ್ವ ಸರಿಯಾಗಿ ಉಣ್ಣಲಿಲ್ಲ. ಅಣಕಿಸುವುದೇ ಕೆಲಸವಾದ ನಿನ್ನ ಮಾವ ಕೂಡ ಆಗಾಗ ಬಾಗಿಲಿಗೆ ಬಂದು ಓಣಿಯತ್ತ ನೋಡಿ ಹೋಗುತ್ತಿದ್ದರು.

ಇವತ್ತು ಮಧ್ಯಾಹ್ನ ಬಂದಳು. ಖಣ ಮೆತ್ತಗಾಗಿತ್ತು. ಕೊಬ್ಬರಿ ಎಣ್ಣೆಯ ಕಲೆ ಬೇರೆ, ಹಳದಿ ಗೊಂಡೆಯನ್ನಂತೂ ಲಾಡಲೇಸಾಬ ಚೀಪಿ ಚೀಪಿ ಮುಗಿಸಿದ್ದ. "ತಗಿಯಾಕ ಹೋದ್ರ ಕೊಡವಲ್ಲ, ಓಣಿಗೆಲ್ಲಾ ಕೇಳೂಹಂಗ ಅತ್ತಾನ. ಇದು ಇನ್ನ ಅವನ ಅರಿವಿರಿ, ನಿಮ್ಮ ಕೂಸಿಗೆ ಎರವಾ ಕೊಟ್ಟಾನ," ಎಂದಳು. ನಿನ್ನ ಅವ್ವ ಕುಂಚಿಗೆಯನ್ನು ಮೂಸಿ ನೋಡಿದಳು. "ಥೂ, ಹಾಲ ಕಾರ್ಯಾನ್ರಿ ಇದರ ಮ್ಯಾಲ!" ಎಂದು ನಕ್ಕಳು. ಗೋಡೆಗೆ ಒರಗಿ, ನೀನಿರುವ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಕ್ಕಳು. ರೋಶನಬಿ ಅತ್ತಳು. ನಾನು ಒಲೆಯ ಹೊಗೆಯ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ನೀನು ಗಂಡೋ ಹೆಣ್ಣೋ, ಯಾರ ಮೂಗು ಹೊತ್ತು ಬರುವೆಯೋ, ನನಗೆ ಬೇಕಿಲ್ಲ. ಅಳುತ್ತಾ ಬಾ, ಅಷ್ಟು ಸಾಕು. ಆ ದಿನ ಗಿಳಿಗೆ ಇನ್ನೊಂದು ಕಣ್ಣು ಇಡುತ್ತೇನೆ, ಕೌದಿಗೆ ರೊಟ್ಟಿ ಉಣಿಸಿ ಬಾಯಿ ಹೊಲಿಯುತ್ತೇನೆ. ಆಮೇಲೆ ನಿನ್ನ ಮಾವ ಎಲ್ಲಿ ಬೇಕಾದರೂ ಕೂಡಬಹುದು.

ಗಟ್ಟಿಯಾಗಿ ಬಾ, ನೂರು ಕಾಲ ಬಾಳು. ಈ ಪತ್ರವೂ ನಿನಗೆಂದೇ ಮಾಡಿದ್ದು, ಆದ್ದರಿಂದ ಇದನ್ನೂ ಮುಗಿಸುವ ಹಾಗಿಲ್ಲ. ನನ್ನ ಹೆಸರಿನ ಕೊನೆಯ ಎರಡು ಅಕ್ಷರ ಬಿಟ್ಟಿದ್ದೇನೆ. ನಿನ್ನ ಅಳು ಕೇಳಿದ ಮೇಲೆ ಬರೆಯುತ್ತೇನೆ.

ನಿನ್ನ ದಾರಿ ಕಾಯುತ್ತಿರುವ ಸೋದರತ್ತೆ,
ಗೌರಾ