ಕಲ್ಲಂಗಡಿ ಹೂವಿನ ತಟ್ಟೆ

ವಾರಗಿತ್ತಿ ಜಯಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ನಾನಾಗಿ ಬರೆಯುತ್ತಿರುವುದಲ್ಲ. ನಿನ್ನ ಮಗಳು ಪವಿತ್ರ ಪೆನ್ನು ಕೈಗೆ ತುರುಕಿ ಕೂರಿಸಿದ್ದಾಳೆ. ನಿನ್ನ ಫೋಟೊದ ಮುಂದೆ ನಿಂತು ನಾನು ಬೈಯುವುದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿದೆಯಂತೆ. "ದೊಡ್ಡವ್ವ, ಅವ್ವನ್ನ ಅದೇನ್ ಕೇಳ್ಬೇಕೋ ಕುಂತ್ಕಂಡು ಬರ್ದು ಕೇಳು. ನನ್ ಕಿವಿಗೂ ಒಸಿ ರಜ ಸಿಗ್ಲಿ" ಅಂದಳು. ಮೂರನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಕಿ ಬಂದವಳಿಗೆ ಇದೆಲ್ಲ ಬೇಕಾ, ಹೇಳು? ಒಂದು ಒತ್ತಕ್ಷರ ಬರೆಯುವಷ್ಟರಲ್ಲಿ ಒಂದು ಸೇರು ರಾಗಿ ಬೀಸಬಹುದು. ಸತ್ತವರಿಗೆ ಇದನ್ನು ಯಾವ ಪೋಸ್ಟಿನವನು ತಂದುಕೊಡುತ್ತಾನೆ ಅಂತ ಕೇಳಿದೆ. ಅವಳು ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. ಆದರೂ ಬರೆಯುತ್ತಿದ್ದೇನೆ. ಕೇಳಬೇಕಾದದ್ದು ಒಂದಿದೆ, ಅದನ್ನು ನಿನ್ನ ಬಿಟ್ಟು ಇನ್ನೊಬ್ಬರ ಹತ್ತಿರ ಕೇಳುವ ಹಾಗಿಲ್ಲ.

ಹಳೇಕೋಟೆಯ ಆ ಮದುವೆ ನೆನಪಿದೆಯಾ? ನಿನ್ನ ಗಂಡ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ನೀನು ಆರತಿ ತಟ್ಟೆಗೆ ಕೈ ಹಾಕಿದ್ದೇ ತಡ, ಗಂಡಿನ ಕಡೆಯ ಮುದುಕಿಯೊಬ್ಬಳು, "ನೀನ್ ಇತ್ಲಾಗ್ ಬ್ಯಾಡ ಕಣವ್ವ. ಒಳಗೆ ಹಣ್ ಕುಯ್ಯೋದೈತೆ, ಓಗು" ಅಂದಳು. ಮೆತ್ತಗೇ ಅಂದಳು, ಅದೇ ಇನ್ನೂ ಉರಿಯುತ್ತದೆ. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಎದ್ದೆ. ನೀನು ನನ್ನ ರಟ್ಟೆ ಹಿಡಿದು, "ಬುಡಕ್ಕ, ಹಣ್ ಕುಯ್ಯೋದೇನ್ ಕೀಳು ಕೆಲ್ಸವಾ?" ಅಂತ ಒಳಗೆ ಹೋದೆ. ಆರತಕ್ಷತೆಯ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದದ್ದು ಹಣ್ಣಿನ ಹೋಳಲ್ಲ. ಇಡೀ ಒಂದು ಕಲ್ಲಂಗಡಿ ಹೂವಾಗಿ ಅರಳಿತ್ತು. ನಡುವೆ ಕೆಂಪು, ಒಂದೊಂದು ಎಸಳಿನ ಅಂಚಿಗೂ ಬಿಳಿ ಗೆರೆ, ಸುತ್ತ ಪರಂಗಿ ಹಣ್ಣಿನಲ್ಲಿ ಕುಯ್ದ ಎಲೆಗಳು. ಅದನ್ನು ಇಡುವುದಕ್ಕೆಂದೇ ಮದುಮಕ್ಕಳ ಮುಂದೆ ಮೇಜು ಹಾಕಿಸಿದರು. ಮೊದಲು ಓಡಿಬಂದು ಬಾಯಿಬಿಟ್ಟುಕೊಂಡು ನೋಡಿದವಳು ಆ ಮುದುಕಿಯೇ! ನಿನ್ನನ್ನು ಹಿಂದಕ್ಕೆ ಕಳಿಸಿದರು, ನಿನ್ನ ಹಣ್ಣು ಎಲ್ಲರಿಗಿಂತ ಮುಂದೆ ಹೋಗಿ ಕೂತಿತು. ಜಗಳವಾಡದೆ ಗೆಲ್ಲುವುದನ್ನು ನಾನು ಅವತ್ತು ಕಣ್ಣಾರೆ ನೋಡಿದೆ. ಕಲಿಯಲಿಲ್ಲ, ಆ ಮಾತು ಬೇರೆ.

ಇದನ್ನೆಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ ನಿನ್ನ ತವರೂರು ಕೊರವಂಗಲದ ಹೆಸರು ಹೇಳಿದ್ದೆ. ಊರವರೆಲ್ಲ ದೇವರಿಗೆ ಕೈ ಮುಗಿದರೆ ನೀನು ಗುಡಿಯ ಚಾವಣಿಯಲ್ಲಿರುವ ಕಲ್ಲಿನ ಹೂ ನೋಡುತ್ತಾ ಕತ್ತು ಉಳುಕಿಸಿಕೊಂಡವಳಂತೆ. ಆದರೆ ಕಲ್ಲು ಬಾಡುವುದಿಲ್ಲ ಜಯ. ನಿನ್ನದು ಬೇಸಿಗೆಯ ಸೆಕೆಯಲ್ಲಿ ಗಳಿಗೆಗೊಂದು ಸಲ ನೀರು ಬಿಟ್ಟುಕೊಳ್ಳುವ ಹಣ್ಣು. ಹೊಳೆನರಸೀಪುರದ ಸಂತೆಯಲ್ಲಿ ನೀನು ಹಣ್ಣು ಆರಿಸುವಾಗ ಪಕ್ಕದಲ್ಲಿ ನಿಂತು ನನ್ನ ಕಾಲು ಸೇದಿಹೋಗುತ್ತಿತ್ತು. ಎತ್ತಿ ನೋಡುವುದು, ಬೆರಳಿನ ಗೆಣ್ಣಿನಲ್ಲಿ ತಟ್ಟಿ ಕಿವಿಗೊಡುವುದು, ಮತ್ತೆ ಇಡುವುದು. "ಅಕ್ಕೋ, ಹಣ್ ತಗೊಳ್ಳಾಕ್ ಬಂದ್ರಾ, ಇಲ್ಲಾ ಸೊಸೆ ಹುಡ್ಕಾಕ್ ಬಂದ್ರಾ?" ಅಂತ ಅಂಗಡಿಯವನು ರೇಗಿದರೆ, "ಸಿಪ್ಪೆ ನೋಡಾಕ್ ಬಂದೆ ಕಣಪ್ಪ" ಅನ್ನುತ್ತಿದ್ದೆ ನೀನು. ನಿಜವೇ. ಸಿಪ್ಪೆ ದಪ್ಪ ಇರಬೇಕು, ಹಣ್ಣು ಹದಕ್ಕೆ ಸ್ವಲ್ಪ ಹಿಂದೆಯೇ ಇರಬೇಕು, ಇಲ್ಲದಿದ್ದರೆ ಎಸಳು ನಿಲ್ಲುವುದಿಲ್ಲ. ತಿನ್ನುವವರು ಬೇಡವೆಂದು ಬಿಟ್ಟ ಹಣ್ಣನ್ನೇ ನೀನು ತರುತ್ತಿದ್ದೆ.

ರಾಮನಾಥಪುರದ ಮದುವೆಯಲ್ಲಿ ಆದದ್ದನ್ನು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಎಸಳು ಬಾಡಬಾರದೆಂದು ನೀನು ಕೆತ್ತಿದ ಮುಖವನ್ನು ಕೆಳಗೆ ಮಾಡಿ ಹಣ್ಣನ್ನು ನೀರಿನ ಬೇಸನ್ನಿನಲ್ಲಿ ಕೂರಿಸಿದ್ದೆ. ಮೇಲೆ ಕಾಣುತ್ತಿದ್ದುದು ಹಸಿರು ಬೆನ್ನು ಮಾತ್ರ. ಯಾವಳೋ ಮುತ್ತೈದೆ, ಕಂಡದ್ದಕ್ಕೆಲ್ಲ ಅರಿಶಿನ ಕುಂಕುಮ ಇಡುತ್ತಾ ಬಂದವಳು, ಅದಕ್ಕೂ ಇಟ್ಟು ಹೋದಳು. ಮದುಮಕ್ಕಳ ಕಾರು ಬಂತು. ದೃಷ್ಟಿ ತೆಗೆಯಲು ಬೂದುಗುಂಬಳ ತರುತ್ತೇನೆಂದು ಒಳಗೆ ಓಡಿಬಂದ ಹೆಣ್ಣಿನ ಸೋದರಮಾವ, ಕುಂಕುಮ ಇದ್ದದ್ದನ್ನು ಕಂಡು ಎತ್ತಿಕೊಂಡು ಓಡಿದ. ಕರ್ಪೂರ ಹಚ್ಚಿ, ಮೂರು ಸುತ್ತು ಇಳಿ ತೆಗೆದು, ಛತ್ರದ ಬಾಗಿಲಲ್ಲಿ ದಬಾರನೆ ಒಡೆದೇಬಿಟ್ಟ! "ಅಬ್ಬಾ, ಕುಂಕ್ಮ ಭಾಳ ಹಾಕವ್ರೆ ಕಣ್ಲಾ" ಅಂದ ಒಬ್ಬ. ಮಾವನ ಬಿಳಿ ಪಂಚೆಗೆ ಒಂದು ಎಸಳು ಹೋಗಿ ಅಂಟಿಕೊಂಡಿತ್ತು. ಆಗ ಅವನಿಗೆ ಗೊತ್ತಾದದ್ದು. ನಾನು ಅವನನ್ನು ಹರಿದು ತಿನ್ನುವುದರಲ್ಲಿದ್ದೆ. ನೀನು ಮಾತ್ರ, "ಓಗ್ಲಿ ಬುಡಣ್ಣ, ಅಷ್ಟ್ ಚೆಂದದ್ ಹಣ್ ಒಡುದ್ರೆ ಯಾವ್ ದೃಷ್ಟಿ ತಾನೆ ಉಳ್ಕತದೆ?" ಅಂತ ನಗಾಡಿ ಒಳಗೆ ಹೋದೆ. ಉಳಿದಿದ್ದ ಕರಬೂಜ, ಪರಂಗಿ, ದ್ರಾಕ್ಷಿಯಲ್ಲಿಯೇ ಇನ್ನೊಂದು ಎದ್ದಿತು. ಮೊದಲನೆಯದಕ್ಕಿಂತ ಚೆನ್ನಾಗಿತ್ತು ಅಂತ ಈಗ ಹೇಳುತ್ತಿದ್ದೇನೆ. ಬದುಕಿದ್ದಾಗ ಹೇಳಿದ್ದರೆ ನೀನು ನಾಚಿಕೊಂಡು ಅಡುಗೆಮನೆ ಸೇರುತ್ತಿದ್ದೆ.

ಅವತ್ತು ಅವಸರದಲ್ಲಿ ನೀನೇ ತಟ್ಟೆ ಹೊತ್ತು ಬಂದೆಯಲ್ಲ, ಅದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕೆತ್ತುವುದು ಯಾವಾಗಲೂ ನೀನು, ಮದುಮಕ್ಕಳ ಮುಂದೆ ತಂದಿಡುವುದು ನಾನು. ನನ್ನ ಗಂಡ ಇದ್ದರಲ್ಲ, ಅದಕ್ಕೆ. ಅವತ್ತು ನೀನು ಛತ್ರದ ಹಾಲ್ ಬಾಗಿಲವರೆಗೂ ಬಂದವಳು ತಟಕ್ಕನೆ ನಿಂತೆ. "ಅಕ್ಕ, ಇಕಾ" ಅಂತ ನನ್ನ ಕೈಗೆ ಕೊಟ್ಟೆ. ಯಾರೂ ನಿನ್ನನ್ನು ತಡೆದಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ...

ನೀನು ಹೋದಮೇಲೆ ಇಲ್ಲಿ ಏನೇನಾಯಿತು ಅಂತ ನಿನಗೆ ಹೇಗೆ ಗೊತ್ತಾಗಬೇಕು? ನಮ್ಮ ಯಜಮಾನರು, ನಿನ್ನ ಭಾವನವರೂ ಹೋದರು. ಅಲ್ಲೇ ಎಲ್ಲಾದರೂ ಸಿಕ್ಕಿರಬಹುದು. ಸಿಕ್ಕಿದ್ದರೆ ಕಾಫಿಗೆ ಸಕ್ಕರೆ ಕೇಳುತ್ತಾರೆ, ಕೇಳಿದರೂ ಹಾಕಬೇಡ. ಪವಿತ್ರನಿಗೆ ಅರಕಲಗೂಡಿನ ಕಡೆ ಗಂಡು ಗೊತ್ತಾಗಿದೆ. ಹುಡುಗ ಒಳ್ಳೆಯವನು, ಮಾತು ಕಡಿಮೆ, ಅದು ಅವಳಿಗೆ ಸರಿಹೋಗುತ್ತದೆ. ಬರುವ ಶನಿವಾರ ಸಂಜೆ ಆರತಕ್ಷತೆ. ಅವ್ವನ ಹಣ್ಣಿನ ಹೂ ಇರಲೇಬೇಕು ಅಂತ ಹಟ ಹಿಡಿದಳು. ಹಾಸನದಿಂದ ಯಾರನ್ನೋ ಕರೆಸೋಣ ಅಂದರೆ ಕೇಳಬೇಕಲ್ಲ! ನಿನ್ನ ಚಿಕ್ಕ ಚಾಕು ಹುಡುಕಿ ತಂದು ನನ್ನ ಮುಂದೆ ಇಟ್ಟಳು. ನಾನು ಕೆತ್ತಿದ ಮೊದಲನೆಯದನ್ನು ನೋಡಿ, "ದೊಡ್ಡವ್ವ, ಇದು ಹೂವಾ, ಎಲೆಕೋಸಾ?" ಅಂದಳು. "ಎಲೆಕೋಸೇ ಕಣೆ, ನಿಮ್ಮತ್ತೆ ಮನೇಗೆ ಸಾರಿಗೆ ತಗಂಡೋಗು" ಅಂದೆ. ಈಗ ಪರವಾಗಿಲ್ಲ. ನಿನ್ನದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ಹೂ ಅಂತ ಗೊತ್ತಾಗುತ್ತದೆ. ನಿನ್ನ ಕೈ ಎಂಥದಿತ್ತು ಅಂತ ಪೂರ್ತಿ ಗೊತ್ತಾದದ್ದು ಚಾಕು ನನ್ನ ಕೈಗೆ ಬಂದಮೇಲೆಯೇ.

ಮೊನ್ನೆ ಭಾನುವಾರ ಗಂಡಿನ ಅಜ್ಜಿ ಬಂದಿದ್ದರು. ಹಣ್ಣಿನ ವಿಷಯ ಕೇಳಿ ಸಂತೋಷಪಟ್ಟರು. ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ, "ಮಾಡೋರ್ ಯಾರಾದ್ರೂ ಮಾಡ್ಲಿ. ತಂದ್ ಮಡಗೋದ್ ಮಾತ್ರ ಒಬ್ಳು ಮುತ್ತೈದೆ ಕೈಲಿ ಮಡಗ್ಸಿ ಕಣವ್ವ" ಅಂದರು. ನನಗೆ ಬಾಯಿ ಬರಲಿಲ್ಲ ಜಯ. ನನಗೆ! ಉತ್ತರ ಕೊಟ್ಟವಳು ನಿನ್ನ ಮಗಳು. "ಅಜ್ಜಿ, ನಮ್ಮವ್ವ ಊರೋರ್ ಮಕ್ಳಿಗೆಲ್ಲ ಕೆತ್ತುದ್ಲು, ಒಂದಿನಾನೂ ತಂದ್ ಮಡಗ್ಲಿಲ್ಲ. ನನ್ ಮದ್ವೇಲಿ ನಮ್ ದೊಡ್ಡವ್ವನೇ ಕೆತ್ತೋದು, ದೊಡ್ಡವ್ವನೇ ತಂದ್ ಮಡಗೋದು. ಆಗಕಿಲ್ಲ ಅಂದ್ರೆ ಈಗ್ಲೇ ಏಳಿ." ಅಜ್ಜಿ ಅವಳ ಮುಖವನ್ನೇ ನೋಡಿದರು. "ಏನ್ ಬಾಯವ್ವ ಇದ್ರುದ್ದು" ಅಂದರು. ಎದ್ದು ಹೋಗಲಿಲ್ಲ, ಒಪ್ಪಿದೆ ಅಂತಲೂ ಅನ್ನಲಿಲ್ಲ.

ಅವತ್ತಿನಿಂದ ಕೈ ಓಡುತ್ತಿಲ್ಲ. ಶಾಸ್ತ್ರಕ್ಕೆ, ಮುದುಕಿಯರ ಮಾತಿಗೆ ನಾನು ಯಾವತ್ತು ಸೊಪ್ಪು ಹಾಕಿದವಳು? ನನ್ನ ಭಯ ಬೇರೆಯದು. ನಾಳೆ ಆ ಮಗುವಿನ ಸಂಸಾರದಲ್ಲಿ ಒಂದು ಕೆಮ್ಮು, ಒಂದು ಸೀನು ಬಂದರೂ ಆ ಅಜ್ಜಿಗೆ ನನ್ನ ಕೈ ನೆನಪಾಗುತ್ತದೆ. ನನ್ನನ್ನು ಅಂದರೆ ಅನ್ನಲಿ, ನಾಲ್ಕು ತಿರುಗಿಸಿ ಕೊಡುತ್ತೇನೆ. ಆದರೆ ಆ ಮಾತು ಕೇಳಿಕೊಂಡು ಆ ಮನೆಯಲ್ಲಿ ಇರಬೇಕಾದವಳು ಪವಿತ್ರ. ರಾಮನಾಥಪುರದಲ್ಲಿ ನೀನು ನಿಂತದ್ದೂ ಇದಕ್ಕೇನಾ? ಬೇರೆಯವರ ಮಗಳಿಗೆ ಮಾತು ಬರಬಾರದು ಅಂತಲಾ? ಅಥವಾ ನಿನಗೇ ಬೇಡವಾಗಿತ್ತಾ?

ನಾನು ತೀರ್ಮಾನ ಮಾಡಿಯಾಗಿದೆ. ಮಗು ಬಾಯಿಬಿಟ್ಟು ಕೇಳಿದಮೇಲೆ ಹಿಂದೆ ಸರಿಯುವವಳು ನಾನಲ್ಲ. ಶನಿವಾರ ಸಂಜೆ ಬಿಳಿ ರವಿಕೆ ಹಾಕುವುದಿಲ್ಲ, ನೀನು ಕೊಟ್ಟಿದ್ದ ಹಸಿರು ಸೀರೆ ಉಡುತ್ತೇನೆ. ತಟ್ಟೆ ಹೊತ್ತು ಛತ್ರದ ನಡುವಿನಲ್ಲಿಯೇ ನಡೆದು ಹೋಗುತ್ತೇನೆ, ಗೋಡೆ ಪಕ್ಕಕ್ಕಲ್ಲ. ಹೂವನ್ನು ನಿನ್ನ ಮಗಳ ಮುಂದೆ ಇಟ್ಟು, ಅವಳ ತಲೆ ಸವರಿ, ಆ ಅಜ್ಜಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ. ಆದರೆ ಅವಳನ್ನು ಹೆತ್ತವಳು ನೀನು. ಬೇಡ ಅನ್ನುವ ಹಕ್ಕು ಇನ್ಯಾರಿಗೂ ಇಲ್ಲ, ನಿನಗೊಬ್ಬಳಿಗೇ ಇದೆ. ಕನಸಿನಲ್ಲಿ ಬಾ, ಹಲ್ಲಿಯ ಕೈಲಿ ನುಡಿಸು, ಏನಾದರೂ ಮಾಡು. ಬೇಡ ಅನ್ನುವುದಾದರೆ ಗುರುವಾರದೊಳಗೆ ಹೇಳು. ಹೂಂ ಅನ್ನುವುದಾದರೂ ಗುರುವಾರದೊಳಗೇ ಹೇಳು. ಶುಕ್ರವಾರ ನಾನು ಹಣ್ಣು ತರಲು ಹೋಗುತ್ತೇನೆ, ಆಮೇಲೆ ಯಾರ ಮಾತೂ ಕೇಳುವುದಿಲ್ಲ.